ಕಪಾಟಿನಲ್ಲಿ ಇರಬೇಕಾದ ಎರಡನೆಯ ಸ್ವಿಚ್ಚು



ಬ್ಯಾಂಕಿನ ಗುಮಾಸ್ತರಾದ ನಮಗೆ ಯಂತ್ರಗಳ ಪಾಂಡಿತ್ಯವಿಲ್ಲ. ಬಿ.ಕಾಂ. ಓದಿ ಕಲಿತ ಜಮಾಖರ್ಚಿನ ಲೆಕ್ಕವೊಂದೇ ನಮ್ಮ ಬಂಡವಾಳ. ಮಹಾಪೆಯ ಕಚೇರಿಗಳಲ್ಲಿ ದುಡಿಯುವವರು ಈ ಸಭೆಯಲ್ಲಿರುವುದರಿಂದ, ಆ ಲೆಕ್ಕದಲ್ಲಿಯೇ ನೆಟ್‌ವರ್ಕ್ ಸ್ವಿಚ್ಚನ್ನು ತೂಗಿ ನೋಡೋಣ.

ಇದು ದೀಪದ ಸ್ವಿಚ್ಚಲ್ಲ. ಕಚೇರಿಯ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ. ನಾವು ಹಿಂದೆ ಇದ್ದ ಶಾಖೆಯಲ್ಲಿ ತಿಂಗಳ ಮೊದಲ ವಾರದಲ್ಲಿಯೇ ಅದು ಕೆಟ್ಟಿತು. ಪಿಂಚಣಿಗೆಂದು ಬಂದ ಅಜ್ಜಿಯೊಬ್ಬರು ಔಷಧಿಯ ಚೀಟಿ ಹಿಡಿದು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತಿದ್ದರು. ಅವರತ್ತ ಮುಖವೆತ್ತಿ ನೋಡಲು ನಮಗಾಗಲಿಲ್ಲ.

ಹಾಗೆಂದು ಎಲ್ಲವನ್ನೂ ಜೋಡಿಯಾಗಿ ಕೊಳ್ಳಬೇಕೆ? ಮಾರುವವರು ಕೊಳ್ಳಿರೆಂದೇ ಹೇಳುತ್ತಾರೆ! ಸಣ್ಣ ಕಚೇರಿಯ ಸ್ವಿಚ್ಚಿಗೆ 20,000 ರೂಪಾಯಿ, ಒಂದು ಗಂಟೆ ಕೆಲಸ ನಿಂತರೆ 2,000 ರೂಪಾಯಿ ನಷ್ಟ ಎಂದಿಟ್ಟುಕೊಳ್ಳಿ. ಹೊಸತು ಬರಲು ಎರಡು ದಿನ, ಅಂದರೆ ಕೆಲಸದ 16 ಗಂಟೆ ಹಿಡಿದರೆ 32,000 ಹೋಯಿತು. ಕಪಾಟಿನಲ್ಲಿ ಇನ್ನೊಂದು ಸಿದ್ಧವಾಗಿದ್ದರೆ, ಅದರೊಳಗಿನ ಏರ್ಪಾಡುಗಳ ಪ್ರತಿಯೂ ಜೊತೆಗಿದ್ದರೆ, ಅರ್ಧ ಗಂಟೆಯಲ್ಲಿ ಬದಲಿಸಬಹುದು. ಒಂದೇ ಸಲದ ಕೇಡಿನಲ್ಲಿ ಅದರ ಬೆಲೆ ತೀರಿತು. ಇನ್ನು ಆ ಅರ್ಧ ಗಂಟೆಯನ್ನೂ ಉಳಿಸಲು, ತಾನಾಗಿಯೇ ಕೆಲಸ ವಹಿಸಿಕೊಳ್ಳುವ ದುಬಾರಿ ಜೋಡಿಗೆ ಮತ್ತೆ 60,000 ಸುರಿದರೆ ಉಳಿಯುವುದು 1,000. ಅದೂ ಪ್ರತಿ ಕಂಪ್ಯೂಟರಿಗೆ ಒಂದೇ ತಂತಿಯಿದ್ದರೆ, ಆ ತಂತಿ ಸೇರಿದ ಸ್ವಿಚ್ಚು ಸತ್ತಾಗ ಪಕ್ಕದ್ದು ಬದುಕಿದ್ದೂ ಫಲವಿಲ್ಲ. ಮಹಾಪೆಯ ದೊಡ್ಡ ಡೇಟಾ ಸೆಂಟರುಗಳ ಮಾತು ಬೇರೆ. ಅಲ್ಲಿ ಅರ್ಧ ಗಂಟೆಯ ಬೆಲೆಯೇ ಬೇರೆ.

ಜೋಡಿಯಿದ್ದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. 2020ರ ಅಕ್ಟೋಬರ್ 12ರಂದು ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ವಿದ್ಯುತ್ತು ಹೋಗಿ ಲೋಕಲ್ ಗಾಡಿಗಳು ನಿಂತದ್ದು ನಿಮಗೆ ನೆನಪಿರಬೇಕು. ಕಳವಾ–ಪಡಘಾ 400 ಕಿಲೋವೋಲ್ಟ್ ವ್ಯವಸ್ಥೆಯಲ್ಲಿ ಮೊದಲನೆಯ ಸರ್ಕ್ಯೂಟಿನ ದುರಸ್ತಿ ನಡೆದಿತ್ತು, ಭಾರವೆಲ್ಲ ಎರಡನೆಯದರ ಮೇಲಿತ್ತು, ಅದೂ ಕೆಟ್ಟಿತು ಎಂದು ಅಂದು ರಾಜ್ಯದ ಇಂಧನ ಸಚಿವರೇ ತಿಳಿಸಿದರು. ಒಂದನ್ನು ಬಿಚ್ಚಿಟ್ಟ ದಿನ ನಮ್ಮ ಬಳಿ ಇರುವುದು ಒಂದೇ! ಎರಡು ಪವರ್ ಸಪ್ಲೈ ಇರುವ ಸ್ವಿಚ್ಚು ಕೊಂಡು ಎರಡನ್ನೂ ಒಂದೇ ಯುಪಿಎಸ್ಸಿಗೆ ಚುಚ್ಚುವವರೂ ಇದ್ದಾರೆ. ಆ ಯುಪಿಎಸ್ ಕೈಕೊಟ್ಟರೆ ಎರಡೂ ಒಟ್ಟಿಗೆ ಮಲಗುತ್ತವೆ. ಕೊಟ್ಟ ಹೆಚ್ಚಿನ ಹಣ ನೀರಿಗೆ.

ನಮ್ಮ ಆ ಶಾಖೆಗೂ ಕೊನೆಗೆ ಎರಡನೆಯ ಸ್ವಿಚ್ಚು ಬಂದಿತು, ಕಪಾಟಿನಲ್ಲಿ ಕುಳಿತಿತು. ಕಪಾಟಿಗೆ ಇದ್ದದ್ದು ಒಂದೇ ಬೀಗದ ಕೈ, ಅದು ಮೇನೇಜರರ ಜೇಬಿನಲ್ಲಿ. ಅವರು ರಜೆಗೆ ಹೊರಡುವ ಮುನ್ನ ಇನ್ನೊಂದು ಕೈ ಮಾಡಿಸಲು 60 ರೂಪಾಯಿ ಖರ್ಚಾಯಿತು.