ಧಾರೆಯ ಹೊತ್ತಿಗೆ ಅಮ್ಮ ಎಲ್ಲಿ?



ಮದುವೆ ಫೋಟೋ ತೆಗೆಯುವುದು ನನ್ನ ಕೆಲಸ. ಸಂಭಾಜಿನಗರ, ನಾಶಿಕಗಳ ಕನ್ನಡ ಮನೆಗಳ ಮದುವೆಗಳಿಗೂ ಹೋಗುತ್ತೇನೆ.

ಕೆಲಸಕ್ಕೆ ಹೊಸಬಳಾಗಿದ್ದಾಗ ಒಂದು ಮದುವೆಯಲ್ಲಿ, ಧಾರೆಯ ಹೊತ್ತಿಗೆ ಹುಡುಗಿಯ ತಾಯಿ ಕ್ಯಾಮೆರಾಕ್ಕೆ ಅಡ್ಡ ಬಂದಂತೆ ಅನಿಸಿತು. "ಕಾಕೂ, ಸ್ವಲ್ಪ ಬಾಜೂ ಸರೀರಿ" ಎಂದೆ. ಸರಿದರು. ಆಲ್ಬಂ ಕೊಟ್ಟ ದಿನ ಒಂದೊಂದೇ ಹಾಳೆ ತಿರುವಿ, "ಧಾರೀ ಎರದಾಕಿ ನಾನು. ಬರೇ ಕೈ ಅಷ್ಟ ಬಂದೈತಲ್ಲವಾ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮುಂದೊಮ್ಮೆ ವೇರೂಳಿಗೆ, ಅಂದರೆ ನಮ್ಮ ಎಲ್ಲೋರಕ್ಕೆ, ಹೋಗಿದ್ದೆ. ರಾಷ್ಟ್ರಕೂಟರ ಒಂದನೇ ಕೃಷ್ಣ ಕಡೆಸಿದ ಕೈಲಾಸವನ್ನು, 16ನೇ ಗುಹೆಯನ್ನು, ಎಲ್ಲರೂ ನೋಡುತ್ತಾರೆ. 29ನೇ ಗುಹೆ ಅದಕ್ಕಿಂತ ಹಳೆಯದು. ಅಲ್ಲಿ ಶಿವ-ಪಾರ್ವತಿಯರ ಮದುವೆಯ ದೊಡ್ಡ ಶಿಲ್ಪವಿದೆ. ಶಿವ ಪಾರ್ವತಿಯ ಕೈ ಹಿಡಿದಿದ್ದಾನೆ, ಬ್ರಹ್ಮ ಪುರೋಹಿತ. ಪಾರ್ವತಿಯ ಹತ್ತಿರವೇ ತಂದೆ ಹಿಮವಂತ, ತಾಯಿ ಮೇನೆ ನಿಂತಿದ್ದಾರೆ. ಕಲ್ಲು ಕಡಿದವನು ಆ ತಾಯಿಗೆ ಸರಿಯಲು ಹೇಳಲಿಲ್ಲ. ನನಗೆ ಕಾಕೂ ನೆನಪಾದರು.

ಅಂದಿನಿಂದ ಮುಹೂರ್ತಕ್ಕೆ ಮೊದಲೇ ಅಮ್ಮಂದಿರು ಎಲ್ಲಿ ನಿಲ್ಲುತ್ತಾರೆಂದು ಕೇಳಿಕೊಂಡು, ನಾನೇ ಜಾಗ ಬದಲಿಸುತ್ತೇನೆ. ಧಾರೆಯ ನೀರು ಬೀಳುವಾಗ ಒಂದು ಕ್ಲಿಕ್ ಕೈಗಳಿಗೆ, ಇನ್ನೊಂದು ಅಮ್ಮನ ಮುಖಕ್ಕೆ.

ನಿಮ್ಮ ಮಗಳ ಮದುವೆಯಲ್ಲಿ ಫೋಟೋದವರು "ಸರೀರಿ" ಎಂದರೆ, ದಯವಿಟ್ಟು ಸರಿಯಬೇಡಿ.