ಹಸಿರು ಮಾತಿಗೆ ತಕ್ಕಡಿ ಎಲ್ಲಿ?

(ಗಿರಣಿ ಕಾರ್ಮಿಕರು ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಕಿಲೋ ಸಕ್ಕರೆಗೆ ಇಪ್ಪತ್ತು ಗ್ರಾಂ ಕಡಿಮೆ ತೂಗಿದರೆ ಅಂಗಡಿಗೆ ತೂಕದ ಇನ್ಸ್‌ಪೆಕ್ಟರು ಬರುತ್ತಾರೆ, ದಂಡ ಹಾಕುತ್ತಾರೆ. ಅದು ನ್ಯಾಯವೇ. ಆದರೆ ಅದೇ ಅಂಗಡಿಯ ಮೇಲೆ ದೊಡ್ಡ ಕಂಪೆನಿಯವರು ತಂದು ಹೊಡೆದ ಬೋರ್ಡಿನಲ್ಲಿ ‘ಪರಿಸರಸ್ನೇಹಿ’ ಎಂದು ಬರೆದಿದೆಯಲ್ಲ, ಆ ಮಾತನ್ನು ತೂಗುವವರು ಯಾರು?

ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪೆನಿ ‘ಶುದ್ಧ ಡೀಸೆಲ್’ ಎಂದು ಜಾಹೀರಾತು ಮಾಡಿ ಅಮೆರಿಕದಲ್ಲಿ ಕಾರು ಮಾರಿತು. ಪರೀಕ್ಷೆಯ ವೇಳೆ ಮಾತ್ರ ಹೊಗೆಯನ್ನು ಹಿಡಿದಿಟ್ಟು, ರಸ್ತೆಗಿಳಿದೊಡನೆ ಬಿಟ್ಟುಬಿಡುವ ಕಳ್ಳ ತಂತ್ರಾಂಶ ಅದರಲ್ಲಿತ್ತು. 2015ರಲ್ಲಿ ಗುಟ್ಟು ರಟ್ಟಾಯಿತು. ಜಗತ್ತಿನಲ್ಲೆಲ್ಲ ಅಂಥ ಕಾರುಗಳು ಸುಮಾರು 1 ಕೋಟಿ 10 ಲಕ್ಷ. ಕೆಲವು, ಮಿತಿಯ 40 ಪಟ್ಟಿನವರೆಗೂ ವಿಷದ ಅನಿಲ ಉಗುಳುತ್ತಿದ್ದವು. ಕಾರಿಲ್ಲದವನೂ ಉಸಿರಾಡಿದ್ದು ಅದೇ ಗಾಳಿ.

ನಮ್ಮಲ್ಲಿ 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಯಮ ಹೊರಡಿಸಿತು. ‘ಹಸಿರು’, ‘ಸ್ವಚ್ಛ’ ಎನ್ನುವವನು ವಿವರವನ್ನೂ ಆಧಾರವನ್ನೂ ಕೊಡಬೇಕು. 2019ರ ಗ್ರಾಹಕ ಕಾಯಿದೆಯಂತೆ ಸುಳ್ಳು ಜಾಹೀರಾತಿಗೆ ತಯಾರಕನ ಮೇಲೆ 10 ಲಕ್ಷ ರೂಪಾಯಿಯವರೆಗೆ ದಂಡವುಂಟು. ಒಳ್ಳೆಯದೇ. ಆದರೆ ಆಧಾರವನ್ನು ಕ್ಯೂಆರ್ ಗುರುತಿನ ಹಿಂದೆ ಇಟ್ಟರೂ ಸಾಕಂತೆ! ರಾತ್ರಿ ಪಾಳಿ ಮುಗಿಸಿ ಬಂದವನು ಅದನ್ನು ತೆರೆದು ಓದುತ್ತಾ ಕೂರುವನೇ? ‘ನಮ್ಮ ಬೆಳವಣಿಗೆ ಸುಸ್ಥಿರ ತತ್ವದ ಮೇಲೆ’ ಎಂದು ಕಂಪೆನಿ ಬರಿಯ ಧ್ಯೇಯವಾಕ್ಯ ಬರೆದುಕೊಂಡರಂತೂ ನಿಯಮಕ್ಕೆ ಸಿಕ್ಕುವುದೇ ಇಲ್ಲ.

ಈಗ ‘ಹಸಿರು ಮನೆ’ಯ ಜಾಹೀರಾತು ಬಂದಿದೆ. ಜೀವಮಾನದ ಸಾಲ ಮಾಡಿ ಕೊಳ್ಳುವ ವಸ್ತು ಇದು. ಜಾಹೀರಾತಿನ ಸುಳ್ಳನ್ನು ನಂಬಿ ಹಣ ಕಟ್ಟಿ ನಷ್ಟಕ್ಕೊಳಗಾದವನಿಗೆ ಪರಿಹಾರವುಂಟೆಂದು 2016ರ ರಿಯಲ್ ಎಸ್ಟೇಟ್ ಕಾಯಿದೆಯ 12ನೆಯ ಕಲಮು ಹೇಳುತ್ತದೆ. ಆದ್ದರಿಂದ ಆ ಬಣ್ಣದ ಕಾಗದವನ್ನು ಎಸೆಯಬೇಡಿ, ರಸೀತಿಯ ಜೊತೆಗೇ ಇಟ್ಟುಕೊಳ್ಳಿ.

ಕಟ್ಟಡದ ಮಾತಿನಲ್ಲಿ ನಮಗೆ ಪಂಡಿತರು ಬೇಕಿಲ್ಲ. ಮೈತುಂಬ ಗಾಜು ಹೊದಿಸಿ, ಒಳಗೆ ನುಗ್ಗಿದ ಬಿಸಿಲನ್ನು ಏಸಿ ಯಂತ್ರದಿಂದ ಹೊರಗೆ ದಬ್ಬಿ, ಬಾಗಿಲಲ್ಲಿ ನಾಲ್ಕು ಕುಂಡ ಇಟ್ಟರೆ ಅದು ಹಸಿರು ಕಟ್ಟಡವಾಗದು. ಹಳೆಯ ಗಿರಣಿಗಳ ಗರಗಸದ ಹಲ್ಲಿನಂಥ ಚಾವಣಿಯನ್ನು ನೆನೆಯಿರಿ. ಗಾಜು ಉತ್ತರಕ್ಕೆ, ಬೆಳಕು ಒಳಗೆ, ಉರಿಬಿಸಿಲು ಹೊರಗೆ. ಕೂಲಿಯವನ ಸುಖಕ್ಕೆಂದಲ್ಲ, ನೂಲು ಕಾಣಲೆಂದು ಕಟ್ಟಿದರು. ಇರಲಿ, ವಿದ್ಯೆ ನಿಜ.

ಕೇರಳದಲ್ಲಿ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಗೋಡೆ ಕಟ್ಟಿಸಿದರು. ಇಟ್ಟಿಗೆಯಲ್ಲಿ ಸುಮಾರು ಕಾಲು ಭಾಗ ಉಳಿತಾಯ. ಪೊಳ್ಳಿನ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ತಿರುವನಂತಪುರದ ಬಸ್ ನಿಲ್ದಾಣದ ಬಳಿ, ಗಾಳಿಗೆ ಕಿಂಡಿಗಳನ್ನು ಬಿಟ್ಟು ಸುರುಳಿಯಾಗಿ ಅವರು ಕಟ್ಟಿದ ಇಂಡಿಯನ್ ಕಾಫಿ ಹೌಸ್ ನೌಕರರ ಸಹಕಾರ ಸಂಘದ್ದು. ಕಾಫಿ ಮಂಡಳಿ ಕೆಲಸದಿಂದ ತೆಗೆದ ನೌಕರರು ಅಂಥ ಮೊದಲ ಸಂಘವನ್ನು 1957ರಲ್ಲಿ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ.

ತಗಡಿನ ಸೂರಿನ ಕೆಳಗೆ ಏಪ್ರಿಲ್ ತಿಂಗಳು ಕಳೆಯುವವರು ನೀವು. ಕಾರ್ಮಿಕರ ಮನೆಗಳ ನಕ್ಷೆ ಬಂದಾಗ ಹೆಸರು ನೋಡಬೇಡಿ. ಕಿಟಕಿ ಯಾವ ದಿಕ್ಕಿಗೆ? ಚಾವಣಿ ಯಾತರದ್ದು? ಗೋಡೆಗೆ ಇಟ್ಟಿಗೆ ಎಷ್ಟು, ಅದನ್ನು ಸುಡಲು ಉರುವಲು ಎಲ್ಲಿಯದು? ಕಂಟ್ರಾಕ್ಟರನಿಂದ ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅನಂತರ ರುಜು ಹಾಕಿ.