ಹಳೆಯ ಮೋಟಾರು ಸೈಕಲ್ಲಿನ ಬಲವೆಷ್ಟು?
(ಸಂಘದ ತರುಣರ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ದಿನಗಳಲ್ಲಿ ಮೋಟಾರು ಸೈಕಲ್ಲಿನ ಮಾತೇಕೆಂದು ಹಿರಿಯರು ಕೇಳಬಹುದು. ನಾಡಿನಿಂದ ಈ ಮಹಾನಗರಕ್ಕೆ ಬಂದ ನಮ್ಮ ಅನೇಕ ಕುಟುಂಬಗಳಲ್ಲಿ ತಂದೆಯ ಕಾಲದ ಒಂದು ಜಾವಾ ಇಲ್ಲವೆ ಯೆಜ್ಡಿ ಇನ್ನೂ ಉಳಿದಿದೆ. ಡೊಂಬಿವಿಲಿಯ ಕಟ್ಟಡದ ಮೆಟ್ಟಿಲ ಕೆಳಗೋ, ಮುಲುಂಡಿನ ಸೊಸೈಟಿಯ ಮೂಲೆಯಲ್ಲೋ ಹೊದಿಕೆ ಹೊದ್ದು ನಿಂತಿರುವ ಆ ವಾಹನದ ಮೇಲೆ ಈಗ ಮಕ್ಕಳ ಕಣ್ಣು ಬಿದ್ದಿದೆ. ಅವರು ನಮ್ಮ ಮುಂದಿಟ್ಟ ಪ್ರಶ್ನೆ ಇದು: ಮುಂದಿನ ಚಕ್ರವನ್ನು ಗಾಳಿಗೆತ್ತಿ ಹಿಂದಿನ ಚಕ್ರವೊಂದರ ಮೇಲೆ ಓಡುವುದಕ್ಕೆ, ಅಂದರೆ 'ವೀಲಿಂಗ್' ಮಾಡುವುದಕ್ಕೆ, ಹಳೆಯ ಮೋಟಾರು ಸೈಕಲ್ಲುಗಳಿಗೆ ಬಲವಿದೆಯೇ?

ಇದು ಹುಡುಗಾಟದ ಪ್ರಶ್ನೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಮನೆಯಲ್ಲಿ ಉತ್ತರ ಸಿಗದ ಹುಡುಗ ಅದನ್ನು ರಸ್ತೆಯ ಮೇಲೆ ಹುಡುಕುತ್ತಾನೆ. ಆದುದರಿಂದ ಲೆಕ್ಕ ಹಾಕಿಯೇ ಉತ್ತರ ಕೊಡೋಣ.

ಮೊದಲು ನಮ್ಮ ಮನೆಯ ವಾಹನದ ಪರಿಚಯವಾಗಲಿ. ಜಾವಾ ಮೂಲತಃ ಚೆಕ್ ದೇಶದ್ದು, 1929ರಲ್ಲಿ ಹುಟ್ಟಿದ್ದು. ಮುಂಬಯಿಯ ಉದ್ಯಮಿ ರುಸ್ತುಂ ಇರಾನಿಯವರು ಅದರ ತಯಾರಿಕೆಯನ್ನು ಮೈಸೂರಿಗೆ ತಂದರು. ಹೀಗೆ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960-61ರ ಸುಮಾರಿಗೆ ಕೆಲಸ ಆರಂಭಿಸಿತು. 1973ರಲ್ಲಿ ನಮ್ಮ ರಾಜ್ಯ ಮೈಸೂರು ಎಂಬ ಹೆಸರನ್ನು ಬಿಟ್ಟು ಕರ್ನಾಟಕವಾಯಿತಷ್ಟೆ. ಅದೇ ವರ್ಷ ಈ ವಾಹನವೂ ಜಾವಾ ಎಂಬ ಹೆಸರನ್ನು ಬಿಟ್ಟು ಯೆಜ್ಡಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿದ್ದರೂ ಆ ಹೊಸ ವಾಹನಗಳ ಜಾತಿಯೇ ಬೇರೆ. ಮುಂಬಯಿಯ ಬಂಡವಾಳ, ಮೈಸೂರಿನ ಕೈಗಳು ಸೇರಿ ಮಾಡಿದ ಹಳೆಯ ವಾಹನವೇ ಇಂದಿನ ನಮ್ಮ ವಿಷಯ.

ಈಗ ಲೆಕ್ಕ. ಹಾರೆಯಿಂದ ಬಂಡೆ ಎಬ್ಬಿಸಿದವರಿಗೆಲ್ಲ ಸನ್ನೆಯ ನಿಯಮ ಗೊತ್ತು. ಮೋಟಾರು ಸೈಕಲ್ಲಿನ ಹಿಂದಿನ ಚಕ್ರ ನೆಲ ಮುಟ್ಟುವ ಸ್ಥಳವೇ ಇಲ್ಲಿ ಸನ್ನೆಯ ಆಧಾರ. ವಾಹನ ಮತ್ತು ಸವಾರ ಇಬ್ಬರ ತೂಕವೂ ಒಂದು ಬಿಂದುವಿನಲ್ಲಿ ನೆಲೆಸಿದೆಯೆಂದು ಭಾವಿಸಿರಿ. ಆ ಬಿಂದು ಆಧಾರದಿಂದ ಎಷ್ಟು ಮುಂದಿದೆಯೋ ಅಷ್ಟರ ಮಟ್ಟಿಗೆ ತೂಕವು ಮುಂದಿನ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟರ ಮಟ್ಟಿಗೆ ಹಿಂದಿನ ಚಕ್ರದ ನೂಕು ಅದನ್ನು ಮೇಲೆತ್ತಲು ನೋಡುತ್ತದೆ. ಈ ಎರಡು ಅಳತೆಗಳು ಸಾಧಾರಣವಾಗಿ ಹೆಚ್ಚು ಕಡಿಮೆ ಸಮನಾಗಿರುತ್ತವೆ. ಆದುದರಿಂದ ಮುಂದಿನ ಚಕ್ರ ಏಳಬೇಕಾದರೆ, ಹಿಂದಿನ ಚಕ್ರದ ನೂಕು ಬಲವು ವಾಹನ ಮತ್ತು ಸವಾರರ ಒಟ್ಟು ತೂಕದ ಹತ್ತಿರಕ್ಕೆ ಬರಬೇಕು.

ಹಳೆಯ 250 ಸಿ.ಸಿ. ಜಾವಾದ ಶಕ್ತಿ ಸುಮಾರು 12 ಅಶ್ವಶಕ್ತಿ, ತೂಕ ಸುಮಾರು 130 ಕಿಲೋ. ಸವಾರನದು 70 ಕಿಲೋ ಎಂದರೆ ಒಟ್ಟು 200 ಕಿಲೋ. ಒಂದು ಅಶ್ವಶಕ್ತಿಯೆಂದರೆ 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ಶಕ್ತಿ. ಹನ್ನೆರಡಕ್ಕೆ ಆ ಲೆಕ್ಕದಲ್ಲಿ 900 ಆಯಿತು. ಅದನ್ನು 200ರಿಂದ ಭಾಗಿಸಿದರೆ ಸೆಕೆಂಡಿಗೆ ನಾಲ್ಕೂವರೆ ಮೀಟರು, ಅಂದರೆ ಗಂಟೆಗೆ ಸುಮಾರು 16 ಕಿಲೋಮೀಟರು. ಎಂಜಿನಿನ ಶಕ್ತಿ ಚೈನು ಗೇರುಗಳಲ್ಲಿ ಎಳ್ಳಷ್ಟೂ ಪೋಲಾಗದೆ ಚಕ್ರಕ್ಕೆ ಮುಟ್ಟಿತೆಂದು ಒಪ್ಪಿದರೂ, 16 ಕಿಲೋಮೀಟರಿನ ವೇಗ ದಾಟಿದ ಮೇಲೆ ಆ ವಾಹನ ತನ್ನ ಮತ್ತು ಸವಾರನ ತೂಕದಷ್ಟು ನೂಕು ಬಲವನ್ನು ಕೊಡಲಾರದು. ಅದಕ್ಕಿಂತ ಕಡಿಮೆ ವೇಗದಲ್ಲಿಯೋ, ಮೊದಲ ಗೇರಿನಲ್ಲಿ ಕೂಡ ಎಂಜಿನು ಪೂರ್ಣ ಶಕ್ತಿ ಕೊಡುವಷ್ಟು ಸುತ್ತು ಏರಿರುವುದಿಲ್ಲ. ಹೀಗೆ ಎರಡು ಕಡೆಯಿಂದಲೂ ಬಾಗಿಲು ಮುಚ್ಚಿದೆ. ಥ್ರಾಟಲು ತಿರುಗಿಸಿದ ಮಾತ್ರಕ್ಕೆ ಹಳೆಯ ಜಾವಾದ ಮುಂದಿನ ಚಕ್ರ ಮೇಲೇಳುವುದಿಲ್ಲ.

ಇತರ ವಾಹನಗಳ ಸ್ಥಿತಿಯೂ ಹೀಗೆಯೇ. ಮದರಾಸಿನಲ್ಲಿ 1955ರಿಂದ ತಯಾರಾದ 350 ಸಿ.ಸಿ. ಬುಲೆಟ್ಟಿಗೆ ಸುಮಾರು 18 ಅಶ್ವಶಕ್ತಿ. ಅದರ ತೂಕವೂ ಹೆಚ್ಚು. ಲೆಕ್ಕ ಹಾಕಿದರೆ 21 ಕಿಲೋಮೀಟರಿಗೆ ಅದರ ಮಿತಿ ಮುಗಿಯುತ್ತದೆ. 1983ರಲ್ಲಿ ಬಂದ ರಾಜದೂತ್ 350 ಮಾತ್ರ ಈ ಗುಂಪಿಗೆ ಸೇರದು. ಅದರ ಬಲಶಾಲಿ ಮಾದರಿಗೆ 30 ಅಶ್ವಶಕ್ತಿಗೂ ಮೀರಿ ಇತ್ತಾದ್ದರಿಂದ ಮಿತಿ 38 ಕಿಲೋಮೀಟರಿನವರೆಗೆ ಹೋಗುತ್ತದೆ. 1985ರ ಯಮಹಾ ಆರ್.ಎಕ್ಸ್. 100ಕ್ಕೆ ಇದ್ದದ್ದು ಹನ್ನೊಂದೇ ಅಶ್ವಶಕ್ತಿ. ಆದರೂ ಅದು ವೀಲಿಂಗಿಗೆ ಹೆಸರಾದುದು, ಹಗುರವಾಗಿ, ಗಿಡ್ಡವಾಗಿ, ತಟ್ಟನೆ ಸುತ್ತು ಏರಿಸುವ ಎಂಜಿನು ಹೊಂದಿದ್ದ ಕಾರಣದಿಂದ.

ಹಾಗಾದರೆ ಜಾವಾ, ಬುಲೆಟ್ಟುಗಳ ಮುಂದಿನ ಚಕ್ರ ಎದ್ದುದನ್ನು ಕಣ್ಣಾರೆ ಕಂಡವರಿದ್ದಾರಲ್ಲ ಎಂದು ತಮ್ಮಂದಿರು ಕೇಳುತ್ತಾರೆ. ಹೌದು, ಏಳುತ್ತದೆ. ಅದನ್ನು ಎಬ್ಬಿಸುವುದು ಎಂಜಿನಿನ ಬಲವಲ್ಲ, ಏಟು. ಕ್ಲಚ್ಚು ಹಿಡಿದು ಎಂಜಿನನ್ನು ಗರ್ಜಿಸುವಂತೆ ಮಾಡಿ, ಅದರ ಭಾರವಾದ ಗಾಲಿಯಲ್ಲಿ ಸುತ್ತಿನ ಶಕ್ತಿಯನ್ನು ಕೂಡಿಟ್ಟು, ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಕ್ಷಣಮಾತ್ರ ಎಂಜಿನಿನ ಸಹಜ ಬಲಕ್ಕಿಂತ ಬಹಳ ಹೆಚ್ಚಿನ ಧಕ್ಕೆ ಹಿಂದಿನ ಚಕ್ರಕ್ಕೆ ತಗಲುತ್ತದೆ. ಅದೇ ಕ್ಷಣದಲ್ಲಿ ಸವಾರ ಹಿಂದಕ್ಕೆ ಜರುಗಿ ಹ್ಯಾಂಡಲನ್ನು ಎಳೆಯುತ್ತಾನೆ. ರಸ್ತೆಯ ಉಬ್ಬೊಂದು ನೆರವಾಗುತ್ತದೆ. ಹಿಂದೆ ಗೆಳೆಯನೊಬ್ಬ ಕುಳಿತಿದ್ದರೆ ತೂಕದ ಬಿಂದು ಹಿಂದಕ್ಕೆ ಸರಿದು ಕೆಲಸ ಮತ್ತಷ್ಟು ಸುಲಭವಾಗುತ್ತದೆ. ಹಿಂದಕ್ಕೆ ಮಗುಚುವುದೂ ಅಷ್ಟೇ ಸುಲಭವಾಗುತ್ತದೆ.

ಎದ್ದ ಚಕ್ರವನ್ನು ನಿಲ್ಲಿಸುವುದು ಬೇರೆಯೇ ವಿದ್ಯೆ. ಜಪಾನಿನ ಯಾಸುಯುಕಿ ಕುಡೋ 1991ರಲ್ಲಿ 220 ಸಿ.ಸಿ. ವರ್ಗದ ಹೋಂಡಾದ ಮೇಲೆ ಒಂದೇ ಚಕ್ರದಲ್ಲಿ 331 ಕಿಲೋಮೀಟರು ಸಾಗಿದರು. ಅದು ಸಮತೋಲದ ಸಾಧನೆ. ವಾಹನ ತಕ್ಕಡಿಯ ಮುಳ್ಳಿನಂತೆ ನೇರ ನಿಂತ ಮೇಲೆ ಅದಕ್ಕೆ ಹೆಚ್ಚಿನ ಬಲ ಬೇಕಿಲ್ಲ. ಮುಂದಕ್ಕೆ ಬಿದ್ದರೆ ಥ್ರಾಟಲು ಎತ್ತಬೇಕು, ಹಿಂದಕ್ಕೆ ಬಿದ್ದರೆ ಹಿಂದಿನ ಬ್ರೇಕು ಇಳಿಸಬೇಕು. ಕುಡೋ ಇದನ್ನು ಮಾಡಿದ್ದು ಜನಸಂಚಾರವಿಲ್ಲದ ಪರೀಕ್ಷಾ ಮಾರ್ಗದಲ್ಲಿ ಎಂಬುದನ್ನು ಮರೆಯಬಾರದು.

ಹಳೆಯ ವಾಹನದ ಅಪಾಯ ಇರುವುದು ಇಲ್ಲಿಯೇ. ಬಲ ಕಡಿಮೆ, ಆದ್ದರಿಂದ ನಿರಪಾಯ ಎಂದು ತಿಳಿಯುವ ತರುಣರಿದ್ದಾರೆ. ವಾಸ್ತವ ಇದಕ್ಕೆ ವಿರುದ್ಧ. ಮುಂದಕ್ಕೆ ಬೀಳುವ ವಾಹನವನ್ನು ಎತ್ತಿ ಹಿಡಿಯಲು ಅದರ ಎಂಜಿನಿನಲ್ಲಿ ಮಿಗುವ ಬಲವಿಲ್ಲ. ಚಕ್ರ ಧೊಪ್ಪೆಂದು ನೆಲಕ್ಕೆ ಬಡಿಯುತ್ತದೆ. ಹಿಂದಕ್ಕೆ ಬೀಳುವುದನ್ನು ತಡೆಯಲು ಇರುವುದು ಹಳೆಯ ಡ್ರಮ್ ಬ್ರೇಕು. ಮುಂಬಯಿಯ ಆಷಾಢದ ಮಳೆಯಲ್ಲಿ ನೀರು ಕುಡಿದ ಬ್ರೇಕಿನ ಗುಣ ಎಲ್ಲರಿಗೂ ಗೊತ್ತು. ಜಾವಾದಲ್ಲಂತೂ ಗೇರಿನ ಲಿವರು ತುಳಿದೊಡನೆ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡಿದೆ. ನಿಧಾನವಾಗಿ ಹೋಗುವ ಸಂಸಾರಿಗೆ ಅನುಕೂಲವಾಗಲೆಂದು ಮಾಡಿದ್ದು ಅದು. ಚಕ್ರ ಗಾಳಿಯಲ್ಲಿರುವಾಗ ಕಾಲು ತಪ್ಪಿ ಅದನ್ನು ಮುಟ್ಟಿತೆಂದರೆ ನೂಕು ಬಲ ಹಠಾತ್ತನೆ ಕಡಿದುಹೋಗುತ್ತದೆ. ಮೇಲಾಗಿ, ಗಾಳಿಯಲ್ಲಿರುವ ಚಕ್ರಕ್ಕೆ ತಿರುವೂ ಇಲ್ಲ, ಬ್ರೇಕೂ ಇಲ್ಲ. ಹದಿನಾರು ಕಿಲೋಮೀಟರು ಸಣ್ಣ ವೇಗವಿರಬಹುದು. ಹಿಂದಕ್ಕೆ ಮಗುಚಿ ತಲೆ ಕಾಂಕ್ರೀಟಿಗೆ ಬಡಿಯಲು ಅಷ್ಟೇ ಸಾಕು.

ಸವಾರ ಉಳಿದರೂ ವಾಹನ ಉಳಿಯುವುದಿಲ್ಲ. ಆ ಒಂದು ಏಟನ್ನು ಕ್ಲಚ್ಚಿನ ಪ್ಲೇಟು, ಚೈನು, ಗೇರಿನ ಹಲ್ಲು ಎಲ್ಲವೂ ತಿನ್ನುತ್ತವೆ. ಇಳಿಯುವಾಗಿನ ಏಟನ್ನು ಮುಂದಿನ ಫೋರ್ಕು, ಚಕ್ರದ ಕಡ್ಡಿಗಳು, ಹ್ಯಾಂಡಲಿನ ಬುಡದ ಗುಂಡುಗಳು ತಿನ್ನುತ್ತವೆ. ಕಾರ್ಖಾನೆ ಮುಚ್ಚಿ ಮೂರು ದಶಕ ಸಮೀಪಿಸಿದ ವಾಹನಕ್ಕೆ ಅಸಲಿ ಬಿಡಿಭಾಗ ಬೇಕಾದರೆ ಚೋರ್ ಬಜಾರನ್ನೂ ಕುರ್ಲಾದ ಸಿ.ಎಸ್.ಟಿ. ರಸ್ತೆಯನ್ನೂ ಅಲೆಯಬೇಕು. ಅಪ್ಪ ಇಪ್ಪತ್ತು ವರ್ಷ ಒರೆಸಿ ಕಾಪಾಡಿದ್ದನ್ನು ಮಗ ಒಂದು ಸಂಜೆಯಲ್ಲಿ ಮುರಿಯಬಹುದು.

ಇನ್ನು ಕಾನೂನಿನ ಮಾತು. ಬಾಂದ್ರಾ-ಕುರ್ಲಾ ಸಂಕೀರ್ಣದ ಅಗಲವಾದ ರಸ್ತೆಗಳಲ್ಲಿ 2023ರಲ್ಲಿ ಒಬ್ಬ ತರುಣ, ಮುಂದೊಬ್ಬಳು ಹಿಂದೊಬ್ಬಳು ಯುವತಿಯರನ್ನು ಕೂರಿಸಿಕೊಂಡು ಚಕ್ರ ಎತ್ತಿದ್ದರ ಚಿತ್ರ ದೇಶವೆಲ್ಲ ಹರಡಿ, ಪೋಲೀಸರು ಅವನನ್ನು ಬಂಧಿಸಿದ ಸಂಗತಿ ನಿಮಗೆ ನೆನಪಿರಬಹುದು. 1988ರ ಮೋಟಾರು ವಾಹನ ಕಾಯಿದೆಯ 184ನೆಯ ಕಲಮಿನಂತೆ ಅಪಾಯಕರ ಚಾಲನೆಗೆ ಮೊದಲ ಸಲವೇ ಸೆರೆವಾಸವಾಗಬಹುದು. ತಂದೆತಾಯಿಗಳು ಮುಖ್ಯವಾಗಿ ತಿಳಿಯಬೇಕಾದುದು 2019ರಲ್ಲಿ ಸೇರಿದ 199ಎ ಕಲಮು. ಹದಿನೆಂಟು ತುಂಬದ ಮಗ ವಾಹನ ನಡೆಸಿ ಅಪರಾಧ ಮಾಡಿದರೆ ಪೋಷಕನಿಗೆ ಇಲ್ಲವೆ ವಾಹನದ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು.

ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರ ನಿಯಮಗಳು 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯ ಗೌರವ ಕೊಟ್ಟಿವೆ. ವಾಹನದ ಮೂಲರೂಪ ಹೆಚ್ಚು ಬದಲಾಗಿರಬಾರದೆಂಬುದು ಅದರ ಷರತ್ತು. ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ್ಯಾಲಿ ಮುಂತಾದವುಗಳಿಗೆ ಮಾತ್ರ ಒಯ್ಯಬಹುದು. ಅರವತ್ತರ ದಶಕದ ಜಾವಾ ಇರುವವರು ಸಾಹಸಕ್ಕಾಗಿ ಅದರ ಚೌಕಟ್ಟು ಕತ್ತರಿಸುವ ಮುನ್ನ ಇದನ್ನು ಯೋಚಿಸಲಿ.

ಹಾಗಾದರೆ ಹಳೆಯ ವಾಹನ ನಿರ್ಬಲವೆಂದು ತೀರ್ಮಾನಿಸೋಣವೇ? ಖಂಡಿತ ಬೇಡ. 2017ರ ನವೆಂಬರ್ 19ರಂದು ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ನಮ್ಮ ಸೈನ್ಯದ 'ಟಾರ್ನೆಡೋಸ್' ತಂಡದ 58 ಮಂದಿ ಒಂದೇ 500 ಸಿ.ಸಿ. ಬುಲೆಟ್ಟಿನ ಮೇಲೆ ಏರಿ 1200 ಮೀಟರು ಸಾಗಿ ವಿಶ್ವದಾಖಲೆ ಮಾಡಿದರು. ಅದು ಹೊಸದಾಗಿ ತಯಾರಾದ ಬುಲೆಟ್ಟೇ ಆದರೂ ಅದರ ಎಂಜಿನು ಹಳೆಯ ಸಂಪ್ರದಾಯದ್ದು: ಉದ್ದ ಹೊಡೆತ, ಭಾರವಾದ ಗಾಲಿ, ಕಡಿಮೆ ಸುತ್ತಿನಲ್ಲಿ ತಾಳ್ಮೆಯ ಎಳೆತ. ಜಿಗಿಯುವುದು ಅದರ ಗುಣವಲ್ಲ, ಹೊರುವುದು ಅದರ ಗುಣ. ಗಾಡಿಯ ಎತ್ತನ್ನು ಕುದುರೆಯ ಪಂದ್ಯಕ್ಕೆ ಬಿಟ್ಟು, ಸೋತಿತೆಂದು ಬಯ್ಯುವುದು ನ್ಯಾಯವಲ್ಲ.

ತಮ್ಮಂದಿರೇ, ನಿಮಗೆ ಸಾಹಸವೇ ಬೇಕಾದರೆ ಒಂದು ದಾರಿ ಹೇಳುತ್ತೇವೆ. ವಾಹನದ ನೋಂದಣಿ, ವಿಮೆಗಳನ್ನು ಸರಿಪಡಿಸಿಕೊಳ್ಳಿರಿ. ತಂದೆಯ ಜೊತೆ ಕುಳಿತು ಯೆಜ್ಡಿಯ ಎಂಜಿನು ಬಿಚ್ಚಿ ಜೋಡಿಸಿರಿ. ಪೆಟ್ರೋಲಿಗೆ ಎಷ್ಟು ಎಣ್ಣೆ ಬೆರೆಸಬೇಕು, ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂಬುದನ್ನು ಕೈಯಿಂದ ಕಲಿಯಿರಿ. ಆಮೇಲೆ ಹೆಲ್ಮೆಟ್ಟು ಧರಿಸಿ, ಎಕ್ಸ್‌ಪ್ರೆಸ್ ಮಾರ್ಗದಲ್ಲಿ ದ್ವಿಚಕ್ರಕ್ಕೆ ಅಪ್ಪಣೆಯಿಲ್ಲವಾದ್ದರಿಂದ ಹಳೆಯ ಹೆದ್ದಾರಿ ಹಿಡಿದು, ಖಂಡಾಲಾ ಹತ್ತಿ, ಖಂಬಾಟಕಿ ಘಾಟು ದಾಟಿ, ಸಾತಾರಾ, ಕೊಲ್ಲಾಪುರಗಳನ್ನು ಹಿಂದಿಟ್ಟು ನಿಪ್ಪಾಣಿಯವರೆಗೆ ಹೋಗಿರಿ. ಐವತ್ತು ವರ್ಷದ ಎಂಜಿನು ಅಷ್ಟು ದೂರ ಕೆಡದೆ ನಿಮ್ಮನ್ನು ಮುಟ್ಟಿಸಿತೆಂದರೆ ಅದರ ಬಲವೆಷ್ಟೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ತಂದೆತಾಯಿಗಳಲ್ಲಿಯೂ ಒಂದು ಬಿನ್ನಹ. ಮಗನ ಕೈಯಿಂದ ಕೀಲಿ ಕಸಿದುಕೊಂಡರೆ ಅವನು ಗೆಳೆಯನ ಕೀಲಿ ಹುಡುಕಿಯಾನು. ಕೀಲಿಯ ಜೊತೆಗೆ ಈ ಲೆಕ್ಕವನ್ನೂ ಅವನ ಕೈಗೆ ಕೊಡಿರಿ. ತಿಳಿದವನಿಗೆ ಹೆದರಿಸುವ ಅಗತ್ಯ ಬೀಳುವುದಿಲ್ಲ. ಪರಸ್ಥಳದಲ್ಲಿ ಬೆವರು ಸುರಿಸಿ ಕಟ್ಟಿಕೊಂಡ ನಮ್ಮ ಸಂಸಾರಗಳಿಗೆ ಬೆಳೆದ ಮಕ್ಕಳೇ ಆಸ್ತಿ. ಅವರು ಎರಡು ಚಕ್ರದ ಮೇಲೆ ಹೋಗಿ, ಎರಡು ಚಕ್ರದ ಮೇಲೆಯೇ ಮನೆಗೆ ಬರಲಿ.